ಬಾಡ್ ರೇಟ್ ಹಿಂದಿನ ಮನುಷ್ಯ

ಆರ್ಡುಯಿನೋ ಮುಟ್ಟಿದವರಿಗೆಲ್ಲ ಬಾಡ್ ರೇಟ್ ಗೊತ್ತು. ಎರಡೂ ಕಡೆ ಒಂದೇ 9600 ಇಲ್ಲದಿದ್ರೆ ಸೀರಿಯಲ್ ಮಾನಿಟರ್‌ನಲ್ಲಿ ಬರೀ ಕಸ ಬರುತ್ತೆ. ಆದ್ರೆ ಈ ಬಾಡ್ ಅನ್ನೋದು ಒಬ್ಬ ಮನುಷ್ಯನ ಹೆಸರಿಂದ ಬಂದದ್ದು.

ಎಮಿಲ್ ಬೋಡೋ ಹುಟ್ಟಿದ್ದು 1845ರಲ್ಲಿ, ಫ್ರಾನ್ಸಿನ ಒಂದು ಹಳ್ಳಿಯಲ್ಲಿ. ಅಪ್ಪ ರೈತ. ಓದಿದ್ದು ಊರಿನ ಪ್ರಾಥಮಿಕ ಶಾಲೆಯಷ್ಟೇ, ಆಮೇಲೆ ಹೊಲದ ಕೆಲಸ. 1869ರಲ್ಲಿ ಟೆಲಿಗ್ರಾಫ್ ಇಲಾಖೆಗೆ ಅಪ್ರೆಂಟಿಸ್ ಆಪರೇಟರ್ ಆಗಿ ಸೇರಿದರು.

ಮೋರ್ಸ್ ಕೋಡ್‌ನಲ್ಲಿ 'ಇ' ಅಕ್ಷರಕ್ಕೆ ಒಂದೇ ಚುಕ್ಕೆ, 'ಕ್ಯೂ'ಗೆ ನಾಲ್ಕು ಗುರುತು. ಕಿವಿಗೆ ಇದು ಅಭ್ಯಾಸ ಆಗುತ್ತೆ. ಆದ್ರೆ ಒಂದು ಅಕ್ಷರ ಎಲ್ಲಿ ಮುಗೀತು ಅಂತ ಯಂತ್ರಕ್ಕೆ ತಿಳಿಯೋದು ಕಷ್ಟ. ಬೋಡೋ ಎಲ್ಲ ಅಕ್ಷರಗಳಿಗೂ ಒಂದೇ ಉದ್ದ ಕೊಟ್ಟರು: ಐದು ಗುರುತು, ಪ್ರತಿಯೊಂದಕ್ಕೂ ಎರಡೇ ಸ್ಥಿತಿ. ಈಗಿನ ಮಾತಲ್ಲಿ ಐದು ಬಿಟ್. ಐದರ ಕೋಡ್ ಎಂಬ ಯೋಚನೆ ಮೊದಲೇ ಇತ್ತು. ಅದನ್ನು ದಿನನಿತ್ಯದ ಕೆಲಸಕ್ಕೆ ತಂದದ್ದು ಇವರು. 1874ರಲ್ಲಿ ಪೇಟೆಂಟ್ ತೆಗೆದುಕೊಂಡರು.

ಐದು ಬಿಟ್‌ಗೆ 32 ಜಾಗ ಮಾತ್ರ. ಇಂಗ್ಲಿಷ್ ಅಕ್ಷರಗಳೇ 26, ಅಂಕಿಗಳು ಎಲ್ಲಿಗೆ ಹೋಗ್ಬೇಕು? ಅದಕ್ಕೆ ಶಿಫ್ಟ್ ಉಪಾಯ: ಒಂದು ಕೋಡ್ ಬಂದ್ರೆ ಮುಂದಿನದೆಲ್ಲ ಅಕ್ಷರ, ಇನ್ನೊಂದು ಬಂದ್ರೆ ಮುಂದಿನದೆಲ್ಲ ಅಂಕಿ ಮತ್ತು ಚಿಹ್ನೆ.

ಕೀಬೋರ್ಡ್‌ನಲ್ಲಿ ಇದ್ದದ್ದು ಐದೇ ಕೀ, ಎಡಗೈಗೆ ಎರಡು, ಬಲಗೈಗೆ ಮೂರು. ತಿರುಗುವ ಒಂದು ಡಿಸ್ಟ್ರಿಬ್ಯೂಟರ್ ಹಲವು ಆಪರೇಟರ್‌ಗಳಿಗೆ ಸರದಿಯಂತೆ ಒಂದೇ ತಂತಿಯನ್ನು ಹಂಚುತ್ತಿತ್ತು. ತಾಳ ತಪ್ಪದೆ ಒತ್ತಬೇಕು, ಇಲ್ಲಾಂದ್ರೆ ಸರದಿ ಹೋಯ್ತು. ನಾವು ಓದೋ ಟೈಮ್ ಡಿವಿಷನ್ ಮಲ್ಟಿಪ್ಲೆಕ್ಸಿಂಗ್ ಇದೇ.

1877ರಲ್ಲಿ ಪ್ಯಾರಿಸ್–ಬೋರ್ಡೋ ಮಾರ್ಗದಲ್ಲಿ ಈ ಯಂತ್ರ ಶುರುವಾಯ್ತು. ಮರುವರ್ಷ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಚಿನ್ನದ ಪದಕವೂ ಬಂತು. ಆದ್ರೆ ಇಲಾಖೆಯಿಂದ ಸಂಶೋಧನೆಗೆ ಸಿಕ್ಕ ನೆರವು ಕಡಿಮೆ. ಕೈಯಿಂದಲೇ ದುಡ್ಡು ಹಾಕಿದರು. ಕೊನೆಗೆ ಆ ಪದಕವನ್ನೇ ಮಾರಬೇಕಾಯ್ತು. ಕೆಲಸಕ್ಕೆ ಸೇರಿದ ಹೊಸದರಲ್ಲೇ ಹಿಡಿದ ಅನಾರೋಗ್ಯ ಬಿಡಲೇ ಇಲ್ಲ. 1903ರಲ್ಲಿ ತೀರಿಕೊಂಡಾಗ ವಯಸ್ಸು 57. ಬಾಡ್ ಎಂಬ ಅಳತೆಗೆ ಅವರ ಹೆಸರಿಟ್ಟದ್ದು 1926ರಲ್ಲಿ.

1963ರಲ್ಲಿ ಬಂದ ಆಸ್ಕಿಗೆ ಏಳು ಬಿಟ್, 128 ಜಾಗ. ಅದರಲ್ಲೂ ಕನ್ನಡಕ್ಕೆ ಜಾಗ ಇರಲಿಲ್ಲ. ಯೂನಿಕೋಡ್‌ನಲ್ಲಿ 'ಕ' ಅಕ್ಷರದ ಸಂಖ್ಯೆ 3221, ಯುಟಿಎಫ್-8ರಲ್ಲಿ ಅದಕ್ಕೆ ಮೂರು ಬೈಟ್. ಅಂದ್ರೆ ಅಕ್ಷರಗಳ ಉದ್ದ ಮತ್ತೆ ಬೇರೆ ಬೇರೆ ಆಗಿದೆ. ಆದ್ರೆ ಒಂದೊಂದು ಬೈಟ್‌ನ ಉದ್ದ ಮಾತ್ರ ಯಾವಾಗಲೂ ಒಂದೇ, ಎಂಟು ಬಿಟ್. ಹಳ್ಳಿ ಶಾಲೆಯಲ್ಲಿ ಓದಿದ ಆ ಆಪರೇಟರ್ ಹಿಡಿದ ದಾರಿ ಅದು.