ಮಳಖೇಡದ ಮಹಾವೀರಾಚಾರ್ಯರು ದೀರ್ಘವೃತ್ತದ ಸಮೀಕರಣ ಬರೆದಿದ್ದರೇ?

ದೀರ್ಘವೃತ್ತದ (ಎಲಿಪ್ಸ್) ಸಮೀಕರಣವನ್ನು 9ನೇ ಶತಮಾನದಲ್ಲೇ ನಮ್ಮ ಕಲಬುರಗಿ ನೆಲದಲ್ಲಿ ಬರೆದಿದ್ದರು ಎಂಬ ಫಾರ್ವರ್ಡ್ ನಿಮ್ಮ ಗ್ರೂಪಿಗೆ ಬಂದರೆ, ಹಂಚುವ ಮುನ್ನ ಇದನ್ನು ಓದಿ. ಹೆಮ್ಮೆಪಡಲು ಕಾರಣವಿದೆ, ಆದರೆ ಆ ಕಾರಣ ಬೇರೆ.

ಯಾರು ಇವರು?

ಮಹಾವೀರಾಚಾರ್ಯರು ಜೈನ ಗಣಿತಜ್ಞರು. ಕ್ರಿ.ಶ. 850ರ ಆಸುಪಾಸಿನಲ್ಲಿದ್ದವರು. ಆಗ ಆಳುತ್ತಿದ್ದವನು ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಶರಣಸಿರಸಗಿಯಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ ಊರು. ಮಹಾವೀರಾಚಾರ್ಯರು ಸಂಸ್ಕೃತ ಪದ್ಯಗಳಲ್ಲಿ ಬರೆದ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಈ ದೊರೆಯ ಪ್ರಶಂಸೆಯಿದೆ. ಗಣಿತವನ್ನು ಖಗೋಳ ಗ್ರಂಥದ ಒಂದು ಅಧ್ಯಾಯವಾಗಿಸದೆ ಪ್ರತ್ಯೇಕ ಪುಸ್ತಕವಾಗಿಯೇ ಅವರು ಬರೆದರು. ಋಣ ಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಗುರುತಿಸಿದರು. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂಬ ತಪ್ಪನ್ನೂ ಬರೆದರು. ಈ ಗ್ರಂಥ 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾಯಿತು.

ದೀರ್ಘವೃತ್ತಕ್ಕೆ ಅವರು ಕೊಟ್ಟದ್ದೇನು?

ಅವರು ಅದನ್ನು ಆಯತವೃತ್ತ ಎಂದು ಕರೆದರು. ಸುತ್ತಳತೆಗೆ ಅವರ ಸೂತ್ರ ಹೀಗಿದೆ: ಉದ್ದದ ಎರಡರಷ್ಟರ ವರ್ಗಕ್ಕೆ ಅಗಲದ ವರ್ಗದ ಆರರಷ್ಟು ಕೂಡಿಸಿ, ವರ್ಗಮೂಲ ತೆಗೆಯಿರಿ. ಉದ್ದ 36, ಅಗಲ 12 ಎಂದುಕೊಳ್ಳೋಣ. ಉತ್ತರ ಸುಮಾರು 77.8. ಇಂದಿನ ಲೆಕ್ಕದಲ್ಲಿ ಸುಮಾರು 80.2. ವ್ಯತ್ಯಾಸ ಶೇ. 3ರಷ್ಟು ಮಾತ್ರ.

ವಿಸ್ತೀರ್ಣಕ್ಕೆ ಅವರು ಸುತ್ತಳತೆಯನ್ನು ಅಗಲದ ಕಾಲು ಭಾಗದಿಂದ ಗುಣಿಸಿದರು. ವೃತ್ತಕ್ಕೆ ಇದು ಸರಿ, ದೀರ್ಘವೃತ್ತಕ್ಕೆ ಅಲ್ಲ. ಅವರ ಉತ್ತರ ಸುಮಾರು 233, ನಿಜವಾದದ್ದು ಸುಮಾರು 339. ವಿಚಿತ್ರವೆಂದರೆ ವಿಸ್ತೀರ್ಣಕ್ಕೆ ಸುಲಭದ ಸೂತ್ರವಿದೆ, ಸುತ್ತಳತೆಗೆ ಇಂದಿಗೂ ಅಂಥ ನಿಖರ ಸೂತ್ರವಿಲ್ಲ. ಕಷ್ಟದ್ದರಲ್ಲಿ ಹತ್ತಿರ ಹೋದವರು ಸುಲಭದ್ದರಲ್ಲಿ ಎಡವಿದರು!

ಹಾಗಾದರೆ ಸಮೀಕರಣ?

ರೇಖೆಗಳನ್ನು ಸಮೀಕರಣವಾಗಿ ಬರೆಯುವ ಪದ್ಧತಿ ಬಂದದ್ದು 17ನೇ ಶತಮಾನದಲ್ಲಿ, ಫ್ರಾನ್ಸಿನ ಡೆಕಾರ್ಟ್ ಮತ್ತು ಫರ್ಮಾ ಅವರಿಂದ. ಮೇಲಿನ ಆಕೃತಿ ಈಗ ಹೀಗಾಗುತ್ತದೆ: ಎಕ್ಸ್ ವರ್ಗ + 9 ವೈ ವರ್ಗ = 324. ಎಕ್ಸ್-ವೈ ಗುಣಲಬ್ಧದ ಪದ ಇಲ್ಲದಿದ್ದರೆ, ಆಕೃತಿ ಯಾವುದೆಂದು ತಿಳಿಯಲು ಎರಡು ವರ್ಗಗಳ ಸಹಗುಣಕ ನೋಡಿದರೆ ಸಾಕು:

• ಎರಡೂ ಸಮ: ವೃತ್ತ
• ಚಿಹ್ನೆ ಒಂದೇ, ಬೆಲೆ ಬೇರೆ: ದೀರ್ಘವೃತ್ತ
• ಒಂದು ಸೊನ್ನೆ: ಪರವಲಯ
• ಚಿಹ್ನೆಗಳು ವಿರುದ್ಧ: ಅತಿಪರವಲಯ

(ಕೆಲವು ವಿಶೇಷ ಸಂದರ್ಭಗಳಲ್ಲಿ ಆಕೃತಿ ಬರೀ ಬಿಂದು ಅಥವಾ ಸರಳರೇಖೆಯಾಗಬಹುದು, ಇಲ್ಲವೇ ಏನೂ ಉಳಿಯದಿರಬಹುದು.) ನಮ್ಮದರಲ್ಲಿ 1 ಮತ್ತು 9. ಹಾಗಾಗಿ ಇದು ದೀರ್ಘವೃತ್ತ.

ನಮ್ಮ ತೀರ್ಮಾನ

ಮಹಾವೀರಾಚಾರ್ಯರು ಸಮೀಕರಣ ಬರೆಯಲಿಲ್ಲ. ಸುತ್ತಳತೆಗೆ ಉತ್ತಮವಾದ ಅಂದಾಜು ಸೂತ್ರ ಕೊಟ್ಟರು. ಅವರು ಮಾಡದ್ದನ್ನು ಅವರ ಹೆಸರಿಗೆ ಅಂಟಿಸಿದರೆ, ಪರೀಕ್ಷಿಸಿ ನೋಡಿದವರು ನಿಜವಾಗಿ ಮಾಡಿದ್ದನ್ನೂ ನಂಬದೆ ಹೋಗುತ್ತಾರೆ. ಹಂಚುವುದಾದರೆ ಇದನ್ನು ಹಂಚಿ.