ಪಕ್ಕವಾದ್ಯಕ್ಕೆ ಮುಖ್ಯ ವೇದಿಕೆ ಕೊಡಿಸಿದ ಸಬಿಕಾಸ್: ತವರು ಬಿಟ್ಟು ಮೂರು ದಶಕ ಮಿಡಿದ ಫ್ಲಮೆಂಕೊ ಗಿಟಾರ್

ಸ್ಪೇನ್‌ನ ಫ್ಲಮೆಂಕೊ ಕಲೆಯಲ್ಲಿ ಹಾಡು ಮತ್ತು ಕುಣಿತಕ್ಕೇ ಅಗ್ರಸ್ಥಾನ. ಗಿಟಾರ್‌ಗೆ ಬಹುಕಾಲ ಸಿಕ್ಕಿದ್ದು ಪಕ್ಕವಾದ್ಯದ ಜಾಗ. ಅದೇ ವಾದ್ಯವನ್ನು ಒಂಟಿಯಾಗಿ ನುಡಿಸಿ ಜಗತ್ತಿನ ದೊಡ್ಡ ಸಭಾಂಗಣಗಳಿಗೆ ಕೊಂಡೊಯ್ದವರಲ್ಲಿ ಪ್ರಮುಖರು ಸಬಿಕಾಸ್. ವಿಪರ್ಯಾಸವೆಂದರೆ, ಅವರು ಹೆಸರು ಮಾಡಿದ ಮುಖ್ಯ ವರ್ಷಗಳಲ್ಲಿ ತವರಿನ ವೇದಿಕೆಯೇ ಅವರಿಗೆ ಇರಲಿಲ್ಲ.

ಕಾಳಿನಿಂದ ಬಂದ ಹೆಸರು

ಸಬಿಕಾಸ್ ಅವರ ನಿಜನಾಮ ಅಗುಸ್ಟಿನ್ ಕಸ್ಟೆಯೋನ್ ಕಾಂಪೋಸ್. 1912ರಲ್ಲಿ ಪಾಂಪ್ಲೋನಾ ನಗರದ ಜಿಪ್ಸಿ ಕುಟುಂಬವೊಂದರಲ್ಲಿ ಜನನ. ಫ್ಲಮೆಂಕೊ ಬೇರೂರಿರುವುದು ದಕ್ಷಿಣದ ಆಂಡಲೂಸಿಯಾದಲ್ಲಿ. ಪಾಂಪ್ಲೋನಾ ಇರುವುದು ಉತ್ತರದಲ್ಲಿ. ಬಾಲಕನಿಗೆ ಅವರೆಕಾಳಿನಂಥ ಹಸಿಕಾಳು ಎಂದರೆ ಪಂಚಪ್ರಾಣವಂತೆ. ಆ ಕಾಳಿನ ಸ್ಪ್ಯಾನಿಷ್ ಹೆಸರೇ ಮನೆಯವರ ಬಾಯಲ್ಲಿ ತಿರುಗಿ ಸಬಿಕಾಸ್ ಆಯಿತು ಎನ್ನಲಾಗುತ್ತದೆ.

ಗುರುವಿನ ಬಳಿ ಪಾಠವಾಗಲಿಲ್ಲ. ಸ್ವರಲಿಪಿ ಓದಲೂ ಬರುತ್ತಿರಲಿಲ್ಲ. ಕಿವಿಯಿಂದಲೇ ಕಲಿತರು. ಎಳೆಯ ವಯಸ್ಸಿನಲ್ಲೇ ವೇದಿಕೆ ಏರಿ, ಮ್ಯಾಡ್ರಿಡ್‌ನಲ್ಲಿ ಹೆಸರಾಂತ ಗಾಯಕರಿಗೆ ಸಾಥ್ ನೀಡತೊಡಗಿದರು.

ಯುದ್ಧ ಬದಲಿಸಿದ ಬದುಕು

1936ರಲ್ಲಿ ಸ್ಪೇನ್‌ನಲ್ಲಿ ಅಂತರ್ಯುದ್ಧ ಭುಗಿಲೆದ್ದಿತು. ಸಬಿಕಾಸ್ ದೇಶ ಬಿಟ್ಟು ದಕ್ಷಿಣ ಅಮೆರಿಕ ಸೇರಿದರು. ಖ್ಯಾತ ನರ್ತಕಿ ಕಾರ್ಮೆನ್ ಅಮಾಯಾ ಜತೆ ಊರೂರು ಸುತ್ತಿದರು. ಮಿಂಚಿನ ವೇಗದ ಆಕೆಯ ಹೆಜ್ಜೆಗಳಿಗೆ ಗಿಟಾರ್ ಸರಿಸಾಟಿಯಾಗಿ ನಿಲ್ಲಬೇಕಿತ್ತು. ಕೆಲಕಾಲ ಮೆಕ್ಸಿಕೊದಲ್ಲಿದ್ದು, 1950ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ನೆಲೆಸಿದರು.

ಒಂಟಿ ಗಿಟಾರ್ ಕಛೇರಿ ಅವರಿಂದಲೇ ಶುರುವಾದದ್ದಲ್ಲ. ಹಿರಿಯರಾದ ರಾಮೋನ್ ಮೊಂಟೋಯಾ ಆ ದಾರಿ ತೋರಿಸಿದ್ದರು. ಸಬಿಕಾಸ್ ಅದನ್ನು ಹೆದ್ದಾರಿಯಾಗಿಸಿದರು. ಎಷ್ಟೇ ವೇಗವಾಗಿ ನುಡಿಸಿದರೂ ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳುವ ಸ್ಪಷ್ಟತೆ, ಲಯದ ಮೇಲಿನ ಹಿಡಿತ ಅವರ ಗುರುತಾಯಿತು. ‘ಫ್ಲಮೆಂಕೊ ಪುರೋ’ ಆಲ್ಬಂ ಇಂದಿಗೂ ಗಿಟಾರ್ ವಿದ್ಯಾರ್ಥಿಗಳಿಗೆ ಪಾಠದಂತಿದೆ.

ಪಾಕೊಗೆ ಸಿಕ್ಕ ಬುದ್ಧಿಮಾತು

1963ರಲ್ಲಿ ನೃತ್ಯತಂಡವೊಂದರ ಜತೆ ಅಮೆರಿಕ ಪ್ರವಾಸಕ್ಕೆ ಬಂದ ಹದಿಹರೆಯದ ಹುಡುಗನೊಬ್ಬ ಸಬಿಕಾಸ್ ಎದುರು ಗಿಟಾರ್ ನುಡಿಸಿದ. ಅವನ ಬೆರಳುಗಳಲ್ಲಿದ್ದದ್ದು ನಿನ್ಯೊ ರಿಕಾರ್ಡೊ ಎಂಬ ಹಿರಿಯ ವಾದಕರ ಶೈಲಿ. ಬೇರೆಯವರ ಸಂಗೀತ ಬಿಟ್ಟು ತನ್ನದನ್ನೇ ಕಟ್ಟಿಕೊಳ್ಳುವಂತೆ ಸಬಿಕಾಸ್ ಸಲಹೆ ನೀಡಿದರು. ಆ ಹುಡುಗನೇ ಮುಂದೆ ಫ್ಲಮೆಂಕೊದ ದಿಕ್ಕು ಬದಲಿಸಿದ ಪಾಕೊ ದೆ ಲೂಸಿಯಾ. ತಮ್ಮ ಬೆಳವಣಿಗೆಯಲ್ಲಿ ಈ ಮಾತಿನ ಪಾತ್ರವನ್ನು ಪಾಕೊ ಕೊನೆವರೆಗೂ ಸ್ಮರಿಸುತ್ತಿದ್ದರು.

ತವರಿಗೆ ಮರಳಿದ್ದು

ದೇಶ ಬಿಟ್ಟ ಮೂರು ದಶಕಗಳ ಬಳಿಕ, 1967ರಲ್ಲಿ ಸಬಿಕಾಸ್ ಸ್ಪೇನ್‌ಗೆ ಮೊದಲ ಬಾರಿ ಮರಳಿದರು. ಆ ವೇಳೆಗೆ ಅಲ್ಲಿ ಹೊಸ ಪೀಳಿಗೆ ಬೆಳೆದಿತ್ತು. ಊರು ಬಿಟ್ಟು ಹೋದ ವಾದಕ ಅವರಿಗೆ ಧ್ವನಿಮುದ್ರಿಕೆಗಳ ಮೂಲಕ ಆಗಲೇ ಪರಿಚಿತ. ಆದರೂ ಅವರು ನ್ಯೂಯಾರ್ಕ್ ಬಿಡಲಿಲ್ಲ. 1970ರಲ್ಲಿ ಜೋ ಬೆಕ್ ಜತೆಗಿನ ರಾಕ್ ಆಲ್ಬಂ ಹೊರಬಂತು. ಬದುಕಿನ ಕೊನೆಯಲ್ಲಿ ಗಾಯಕ ಎನ್ರಿಕೆ ಮೊರೆಂಟೆ ಹಾಡಿಗೆ ಗಿಟಾರ್ ಹಿಡಿದು, ಮತ್ತೆ ಪಕ್ಕವಾದ್ಯಕ್ಕೆ ಕುಳಿತರು.

1990ರ ಏಪ್ರಿಲ್ 14ರಂದು ನ್ಯೂಯಾರ್ಕ್‌ನಲ್ಲಿ ಸಬಿಕಾಸ್ ಕೊನೆಯುಸಿರೆಳೆದರು. ಬದುಕಿದ್ದಾಗ ಶಾಶ್ವತವಾಗಿ ಮರಳದ ಪಾಂಪ್ಲೋನಾಕ್ಕೆ ಅವರ ಪಾರ್ಥಿವ ಶರೀರ ಮರಳಿತು. ಹುಟ್ಟಿದ ಊರಲ್ಲೇ ಅವರನ್ನು ಮಣ್ಣು ಮಾಡಲಾಯಿತು. ಫ್ಲಮೆಂಕೊದ ನೆಲವಲ್ಲದ ಆ ಊರಿನಲ್ಲಿ 2014ರಿಂದ ಅವರ ನೆನಪಿಗೆ ಫ್ಲಮೆಂಕೊ ಉತ್ಸವ ನಡೆದುಕೊಂಡು ಬಂದಿದೆ.