ಗುಬ್ಬಿಗೆ ಬಂದ ವಿಲಿಯಂ ಆರ್ಥರ್

ಗುಬ್ಬಿ ಎಂದೊಡನೆ ನಮಗೆ ನೆನಪಾಗುವುದು ಚನ್ನಬಸವೇಶ್ವರಸ್ವಾಮಿಯ ಜಾತ್ರೆ, ಇಲ್ಲವೆ ವೀರಣ್ಣನವರ ನಾಟಕ ಕಂಪನಿ. ಅದೇ ಊರಿಗೆ 1839ರಲ್ಲಿ ಐರ್ಲೆಂಡಿನ ತರುಣರೊಬ್ಬರು, ದೇವರು ತಮ್ಮನ್ನು ಕರೆದಿದ್ದಾನೆಂಬ ನಂಬಿಕೆಯೊಂದನ್ನೇ ಗಂಟುಕಟ್ಟಿಕೊಂಡು ಬಂದರೆಂಬುದನ್ನು ಬಲ್ಲವರು ಕಡಮೆ. ಅವರೇ ವಿಲಿಯಂ ಆರ್ಥರ್. ಆಗ ಅವರಿಗೆ ಇಪ್ಪತ್ತು ವರ್ಷ. ಈಗ ನನ್ನ ವಯಸ್ಸೂ ಅಷ್ಟೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಬಿ.ಎ. ಮುಗಿದ ಮೇಲೆ ಮುಂದೇನೆಂದು ಸತ್ಯಮಂಗಲದಲ್ಲಿ ಕಂಡವರೆಲ್ಲ ಕೇಳುತ್ತಾರೆ. ಆದುದರಿಂದಲೇ ಈ ಮಹನೀಯರ ಜೀವನ ನನ್ನನ್ನು ಸೆಳೆಯಿತು.

ಆರ್ಥರರು ಹುಟ್ಟಿದ್ದು 1819ರಲ್ಲಿ. ಹದಿಹರೆಯದಲ್ಲಿಯೇ ಮೆಥಡಿಸ್ಟ್ ಪಂಥದ ಬೋಧಕರಾದರು. ಕ್ರೈಸ್ತರಲ್ಲಿ ‘ಕರೆ’ ಎಂಬುದು ದೊಡ್ಡ ಮಾತು. ಆದರೆ ಒಬ್ಬನ ಮನಸ್ಸಿಗೆ ತೋರಿದ ಮಾತ್ರಕ್ಕೆ ಅದು ಕರೆಯಾಗದು. ಮೆಥಡಿಸ್ಟರ ಪದ್ಧತಿಯಲ್ಲಿ ಅಂಥವನು ಹಿರಿಯರ ಮುಂದೆ ಉಪದೇಶ ಮಾಡಬೇಕು, ಪರೀಕ್ಷೆಗೆ ನಿಲ್ಲಬೇಕು, ಸಭೆಯ ಒಪ್ಪಿಗೆ ಪಡೆಯಬೇಕು. ಒಳಗಿನ ದನಿಯನ್ನು ಹೊರಗಿನವರು ಒರೆಗೆ ಹಚ್ಚಿ ನೋಡುವ ಕ್ರಮವಿದು. ಆರ್ಥರರು ಲಂಡನ್ನಿನ ಹಾಕ್ಸ್‌ಟನ್ ವಿದ್ಯಾಲಯದಲ್ಲಿ ಓದಿ, ವೆಸ್ಲಿಯನ್ ಮಿಷನ್ನಿನಿಂದ ಮೈಸೂರು ಸೀಮೆಗೆ ನೇಮಕಗೊಂಡರು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚಿನ ಆ ದಿನಗಳಲ್ಲಿ ಹಾಯಿಹಡಗಿನ ಪ್ರಯಾಣಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದವು.

ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಗುಬ್ಬಿ ಆಗಲೇ ಹೆಸರಾದ ವ್ಯಾಪಾರಸ್ಥಳ. ಅಲ್ಲಿ ಅವರು ಕನ್ನಡ ಕಲಿತರು, ಜನರೊಡನೆ ಮಾತಿಗೆ ತೊಡಗಿದರು. ಆದರೆ ಆರೋಗ್ಯ ಕೆಟ್ಟಿತು. ಕಣ್ಣಿನ ದೃಷ್ಟಿ ಕುಂದಿತು. 1841ರಲ್ಲಿ, ಬಂದು ಎರಡು ವರ್ಷವಾಗುವಷ್ಟರಲ್ಲಿ, ತಾಯ್ನಾಡಿಗೆ ಹಿಂದಿರುಗಬೇಕಾಯಿತು.

ಇಲ್ಲಿಯೇ ನನಗೆ ಪ್ರಶ್ನೆಯೇಳುವುದು. ಕರೆದವನು ದೇವರೇ ಆಗಿದ್ದರೆ, ಕಲಿತ ಭಾಷೆ ನಾಲಗೆಗೆ ಹತ್ತುವ ಹೊತ್ತಿಗೆ ಬಾಗಿಲು ಮುಚ್ಚಿದವನು ಯಾರು? ಅಂಥ ಸ್ಥಿತಿಯಲ್ಲಿ, ಕೇಳಿದ್ದೆಲ್ಲ ಭ್ರಮೆಯೆಂದು ಕೈಚೆಲ್ಲಬಹುದಿತ್ತು. ಅಥವಾ ಹಟ ಹಿಡಿದು ಇಲ್ಲಿಯೇ ಉಳಿದು ಕುರುಡರಾಗಬಹುದಿತ್ತು. ಆರ್ಥರರು ಎರಡನ್ನೂ ಮಾಡಲಿಲ್ಲ. ಊರು ಬಿಟ್ಟರು, ಕೆಲಸ ಬಿಡಲಿಲ್ಲ. 1847ರಲ್ಲಿ ಮೈಸೂರು ಸೀಮೆಯ ತಮ್ಮ ಅನುಭವಗಳನ್ನು ಪುಸ್ತಕವಾಗಿ ಪ್ರಕಟಿಸಿದರು. 1851ರಿಂದ ಮಿಷನ್ನಿನ ಕಾರ್ಯದರ್ಶಿಗಳಲ್ಲೊಬ್ಬರಾಗಿ, ತಾವು ನಿಲ್ಲಲಾಗದ ನಾಡುಗಳಿಗೆ ಇತರರನ್ನು ಕಳುಹಿಸುವ ಹೊಣೆ ಹೊತ್ತರು. ಪವಿತ್ರಾತ್ಮನ ಶಕ್ತಿಯನ್ನು ಕುರಿತು 1856ರಲ್ಲಿ ಬರೆದ ‘ಅಗ್ನಿಯ ನಾಲಗೆ’ ಎಂಬರ್ಥದ ಗ್ರಂಥ ಇಂಗ್ಲಿಷ್ ಬಲ್ಲ ಕ್ರೈಸ್ತರಲ್ಲೆಲ್ಲ ಹೆಸರಾಯಿತು. 1866ರಲ್ಲಿ ವೆಸ್ಲಿಯನ್ ಮಹಾಸಭೆಯ ಅಧ್ಯಕ್ಷರಾದರು. 1868ರಲ್ಲಿ ಬೆಲ್‌ಫಾಸ್ಟಿನ ಮೆಥಡಿಸ್ಟ್ ಕಾಲೇಜಿನ ಮುಖ್ಯಸ್ಥರಾದರು. 1901ರಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿ ತೀರಿಕೊಂಡರು.

ಅವರ ಎಲ್ಲ ವಿಚಾರಗಳನ್ನೂ ನಾವು ಒಪ್ಪಬೇಕಾಗಿಲ್ಲ. ಈ ನಾಡಿನ ದೇವರುಗಳನ್ನೂ ಆಚಾರಗಳನ್ನೂ ಅವರು ತೂಗಿದ್ದು ತಮ್ಮ ಮತದ ತಕ್ಕಡಿಯಲ್ಲಿ. ಆ ತೀರ್ಪುಗಳು ನಮ್ಮವರಿಗೆ ನೋವು ತರುವಂಥವು. ಆಳುತ್ತಿದ್ದವರು ಪರದೇಶದವರೇ ಆಗಿದ್ದ ಕಾಲವದು ಎಂಬುದನ್ನೂ ಮರೆಯಲಾಗದು. ಆದರೂ ಆ ಬಾಳಿನಲ್ಲಿ ಮತಭೇದವಿಲ್ಲದೆ ಎಲ್ಲರೂ ಯೋಚಿಸಬೇಕಾದ ಸಂಗತಿಯೊಂದಿದೆ. ಕರೆಯೆಂಬುದು ಒಂದು ಊರಿಗೋ ಒಂದು ಹುದ್ದೆಗೋ ಕಟ್ಟಿಹಾಕಿದ ಹಗ್ಗವಲ್ಲ. ಹಾದಿ ಮುಚ್ಚಿದರೆ, ಬೇಡವೆಂದದ್ದು ಹಾದಿಯನ್ನೋ ಗುರಿಯನ್ನೋ ಎಂದು ನಿಧಾನವಾಗಿ ವಿಚಾರಿಸಿಕೊಳ್ಳಬೇಕು. ನೌಕರಿಯ ಅರ್ಜಿ ಬರೆಯಲಿರುವ ನನ್ನ ಸಹಪಾಠಿಗಳಲ್ಲಿ ಕೆಲವರಿಗಾದರೂ ಮೊದಲ ಬಾಗಿಲು ತೆರೆಯದೆ ಹೋಗಬಹುದು. ಅಂದು ಅವರು, ಎರಡೇ ವರ್ಷ ಗುಬ್ಬಿಯಲ್ಲಿದ್ದು ಅರುವತ್ತು ವರ್ಷ ಅದರ ಋಣ ತೀರಿಸಿದ ಈ ಮನುಷ್ಯರನ್ನು ಒಮ್ಮೆ ನೆನೆಯಲಿ.